ಭಾವನವರ ಕೊಡೆ ವಸಾಯಿಗೆ ಹೋದದ್ದು

ನಮ್ಮ ಭಾವನವರು ಮುಂಬಯಿಯ ಮಾಟುಂಗದಿಂದ ಹೊರಟು, ಕಡಲತಡಿಯನ್ನೇ ಹಿಡಿದು, ವಸಾಯಿಯ ಹಳೇ ಬಂದರಿನ ತನಕ ನಡೆದುಕೊಂಡು ಹೋದರು ಎಂದರೆ ನೀವು ಹೇಗಾದರೂ ನಂಬೀರಿ. ಅವರ ಹಿಂದೆ ಆ ದಾರಿಯನ್ನೆಲ್ಲ ನಡೆದವಳು ನಾನು ಎಂದರೂ, ಒಮ್ಮೆ ನನ್ನ ಮೈಕಟ್ಟು ನೋಡಿ ಅನುಮಾನಪಟ್ಟು, ಆಮೇಲೆ ನಂಬೀರಿ. ಆದರೆ ಅಷ್ಟು ದಾರಿಯಲ್ಲಿ ಅವರು ನನ್ನೊಡನೆ ಆಡಿದ ಮಾತೆಲ್ಲ ತಮ್ಮ ಕೊಡೆಯ ಮೂಲಕವೇ ಎಂದರೆ? ಖಂಡಿತ ನಂಬುವುದಿಲ್ಲ. ತಪ್ಪು ನಿಮ್ಮದಲ್ಲ. ನೀವು ನಮ್ಮ ಭಾವನವರನ್ನು ನೋಡಿದವರಲ್ಲ.

ಭಾವನವರೆಂದರೆ ನನ್ನ ಗಂಡನ ಅಣ್ಣ. ಮದುವೆ ಮಾಡಿಕೊಳ್ಳದೆ ನಮ್ಮೊಡನೆಯೇ ಇದ್ದವರು. ನಮ್ಮ ಉಡುಪಿಯ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣನೆದುರು ಕೂರುವುದಿಲ್ಲ, ನಗುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಅವರೂ ಆಕೆಯನ್ನು ನೇರವಾಗಿ ಕರೆಯುವುದಿಲ್ಲ. ಊರಿನ ದೊಡ್ಡ ಮನೆಗಳಲ್ಲಿ ಇದೇನೂ ಕಷ್ಟವಲ್ಲ. ಅವರು ಜಗಲಿಯಲ್ಲಿ, ನಾವು ಅಡುಗೆಮನೆಯಲ್ಲಿ, ನಡುವೆ ಸುದ್ದಿ ಮುಟ್ಟಿಸಲು ಬೇಕಾದಷ್ಟು ಜನ. ಆದರೆ ಮಾಟುಂಗದ ಚಾಳಿನ ಎರಡು ಖೋಲಿಯಲ್ಲಿ ಈ ಮರ್ಯಾದೆಯನ್ನು ಹಾಸುವುದೆಲ್ಲಿ, ಹೊದೆಯುವುದೆಲ್ಲಿ? ಅಲ್ಲಿ ಒಬ್ಬರು ಸೀನಿದರೆ ಇನ್ನೊಬ್ಬರ ಎದುರಿನ ದೀಪ ಆರುತ್ತಿತ್ತು.

ನಮ್ಮವರು ಮನೆಯಲ್ಲಿದ್ದಾಗ ಅವರೇ ನಮ್ಮಿಬ್ಬರ ಟಪ್ಪಾಲು. ಆದರೆ ಅವರು ಉಡುಪಿ ಹೋಟೆಲೊಂದರ ಗಲ್ಲದಲ್ಲಿ ದುಡ್ಡು ಎಣಿಸುತ್ತ ಕೂರುವವರು. ಬೆಳಕು ಹರಿಯುವ ಮೊದಲೇ ಹೋದರೆ ಮತ್ತೆ ಮುಖ ಕಾಣುವುದು ಹೊತ್ತು ಮುಳುಗಿದ ಮೇಲೆ. ಹಾಗಾಗಿ ಭಾವನವರು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ತಮ್ಮ ಕರಿಯ ಕೊಡೆಯನ್ನು ಆ ಕೆಲಸಕ್ಕೆ ನೇಮಿಸಿಕೊಂಡರು.

"ಕೊಡೆಗೆ ಇವತ್ತು ಅಷ್ಟೊಂದು ಹಸಿವಿಲ್ಲ," ಎನ್ನುವರು ಕೊಡೆಯತ್ತ ತಿರುಗಿ. ಎಂದರೆ ಅನ್ನ ಕಡಿಮೆ ಬಡಿಸಬೇಕು.

"ಕೊಡೆ ಮಜ್ಜಿಗೆಯಾದರೂ ಕುಡಿಯಬಹುದಿತ್ತು," ಎನ್ನುವೆ ನಾನು, ಗೋಡೆಯತ್ತ ತಿರುಗಿ.

"ಮಜ್ಜಿಗೆಯಾದರೆ ಕೊಡೆಗೆ ಅಡ್ಡಿಯಿಲ್ಲ."

ಪಕ್ಕದ ಖೋಲಿಯ ಧಾರವಾಡದ ಬಾಯಿ ಒಂದು ದಿನ ಇದನ್ನು ಕೇಳಿಸಿಕೊಂಡು ನನ್ನನ್ನು ನಲ್ಲಿಯ ಹತ್ತಿರ ಹಿಡಿದಳು. "ಏನ್ರೀ ಅಕ್ಕಾರ, ನಿಮ್ಮ ಮನ್ಯಾಗ ಛತ್ರಿಗೂ ಎಲಿ ಹಾಕಿ ಬಡಸ್ತೀರೇನ್ರಿ? ನಮ್ಮ ಮನ್ಯಾಗ ಗಂಡಸರಿಗೇ ಸಾಲೂದಿಲ್ಲ ನೋಡ್ರಿ."

ಭಾವನವರು ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತರಾಗಿದ್ದವರು. ಅವರ ಕುರ್ಚಿಯ ಹಿಂದೆ ಕಿಟಕಿ, ಕಿಟಕಿಯಾಚೆ ಕಡಲು, ಕುರ್ಚಿಯೆದುರು ಗೋಡೆ. ಇಡೀ ಪ್ರಾಯವನ್ನು ಅವರು ಆ ಗೋಡೆ ನೋಡುತ್ತ ಕಳೆದರು. ತಿರುಗಿ ನೋಡಿದರೆ ದೊಡ್ಡ ಸಾಹೇಬರು ಕೆಮ್ಮುತ್ತಿದ್ದರಂತೆ. ಹಾಯಿದೋಣಿ ನಡೆಸುವ ತಂಡೇಲರು ಬಂದು ರತ್ನಾಗಿರಿ, ದಮಣ, ವಸಾಯಿ ಎಂದು ಊರುಗಳ ಸುದ್ದಿ ಹೇಳುವುದನ್ನು ಕಿವಿಯಿಂದ ಕೇಳುವುದು, ಕಣ್ಣಿನಿಂದ ಗೋಡೆ ನೋಡುವುದು. ವಸಾಯಿಯ ಮೇಲೆ ಅವರಿಗೆ ವಿಶೇಷ ಮೋಹ ಹುಟ್ಟಿದ್ದು ಹಾಗೆ. ಒಂದು ಕಾಲದಲ್ಲಿ ಮುಂಬಯಿಯನ್ನು ಯಾರೂ ಕೇಳದಿದ್ದಾಗ ಹಡಗುಗಳೆಲ್ಲ ಹೋಗಿ ನಿಲ್ಲುತ್ತಿದ್ದದ್ದು ಅಲ್ಲಿಯಂತೆ, ಕೋಟೆಯೊಳಗೇ ಒಂದು ಪಟ್ಟಣವಂತೆ, ಈಗ ಕ್ರಿಸ್ತುವರ ಇಗರ್ಜಿಯೊಳಗೆ ತಾಳೆಮರ ಬೆಳೆದಿದೆಯಂತೆ. ಬರೀ ಅಂತೆ.

ಕೆಲಸದಿಂದ ಬಿಡುಗಡೆಯಾದ ವರ್ಷವೇ ಅವರ ಕಣ್ಣಿನ ತೊಂದರೆ ಗೊತ್ತಾಯಿತು. ದಾದರಿನ ಡಾಕ್ಟರು ನಮ್ಮವರನ್ನು ಹೊರಗೆ ಕರೆದು ಹೇಳಿದರು: ಬದಿಯಿಂದ ಕತ್ತಲೆ ಸುರುವಾಗಿದೆ, ಈಗ ಕೊಳವೆಯೊಳಗಿಂದ ನೋಡಿದ ಹಾಗೆ ನಡು ಮಾತ್ರ ಕಾಣುತ್ತದೆ, ನಿಧಾನಕ್ಕೆ ಅದೂ ಹೋಗುತ್ತದೆ. ಔಷಧಿ ತಡ ಮಾಡೀತು, ತಡೆಯಲಾರದು. ನಮ್ಮವರು ಮನೆಗೆ ಬಂದು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತರು. ಜನ್ಮದಲ್ಲಿ ಈಳಿಗೆ ಮುಟ್ಟಿದವರಲ್ಲ. ಅಳಲಿಕ್ಕೆ ಒಂದು ನೆಪ ಬೇಕಿತ್ತು, ಅಷ್ಟೆ.

ಭಾವನವರಿಗೂ ಗೊತ್ತಾಗಿತ್ತು. ಆ ಸಂಜೆ ಅವರು ಕೊಡೆಯನ್ನು ಮೊಳೆಯಿಂದ ತೆಗೆದು ಧೂಳು ಒರೆಸಿದರು.

"ಕೊಡೆಯೇ, ಇಷ್ಟು ವರ್ಷ ಕಡಲಿಗೆ ಬೆನ್ನು ಹಾಕಿ ಕೂತದ್ದಾಯ್ತು. ಇನ್ನು ಮುಖ ಹಾಕುವ. ವಸಾಯಿ ಕಂಡ ಮೇಲೆ ಕಣ್ಣು ಹೋಗುವುದಾದರೆ ಹೋಗಲಿ."

ಯೋಜನೆ ಹೀಗೆ: ಪ್ರತಿ ಆದಿತ್ಯವಾರ ಕಡಲತಡಿಯಲ್ಲಿ ಬಡಗಣಕ್ಕೆ ನಡೆಯುವುದು, ಸಾಕಾದಾಗ ಲೋಕಲ್ ಹಿಡಿದು ಮನೆಗೆ ಬರುವುದು, ಮುಂದಿನ ವಾರ ನಿಲ್ಲಿಸಿದ ಜಾಗಕ್ಕೇ ಹೋಗಿ ಅಲ್ಲಿಂದ ಮುಂದುವರಿಸುವುದು. ದಾರಿ ತಪ್ಪುವ ಭಯವೇ ಇಲ್ಲ. ಕಡಲು ಎಡಗೈಯಲ್ಲಿದ್ದರೆ ಸಾಕು, ವಸಾಯಿ ತಾನಾಗಿ ಬರುತ್ತದೆ. ಜೊತೆಗೆ ಒಬ್ಬರು ಬೇಕು, ಕಾಲಡಿಯದು ಅವರಿಗೆ ಕಾಣುವುದಿಲ್ಲವಲ್ಲ. ಆದಿತ್ಯವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮವರು ಗಲ್ಲ ಬಿಟ್ಟು ಬರುವ ಹಾಗಿಲ್ಲ.

"ನೀನು ಹೋಗು," ಎಂದರು ನನಗೆ.

"ನಾನಾ? ಭಾವನ ಒಟ್ಟಿಗಾ? ದಾರಿಯುದ್ದ ಎಂತ ಮಾತಾಡುವುದು?"

"ಇಷ್ಟು ವರ್ಷ ಎಂತ ಮಾತಾಡಿದ್ದೀ? ಅದನ್ನೇ ಆಡು."

ಹಾಗೆ ಮಳೆಗಾಲ ಕಳೆದು, ದೀಪಾವಳಿಯೂ ಮುಗಿದ ಒಂದು ಬೆಳಗ್ಗೆ ನಾವು ದಾದರಿನ ಮರಳಿಗಿಳಿದೆವು. ಮುಂದೆ ಭಾವನವರು, ಕಚ್ಚೆ ಪಂಚೆ, ಕೋಟು, ಕಂಕುಳಲ್ಲಿ ಕೊಡೆ. ಹತ್ತು ಹೆಜ್ಜೆ ಹಿಂದೆ ನಾನು, ಅವಲಕ್ಕಿಯ ಗಂಟು. ನಾನು ಕಡಲ ಊರಿನವಳೇ, ಆದರೆ ಹೆಣ್ಣುಮಕ್ಕಳು ಕಡಲಿಗೆ ಹೋಗುವುದು ಗ್ರಹಣಕ್ಕೋ ಅಮಾವಾಸ್ಯೆಗೋ ಮುಳುಗು ಹಾಕಲು, ಮೂಗು ಹಿಡಿದು, ಕಣ್ಣು ಮುಚ್ಚಿ. ಕಣ್ಣು ತೆರೆದು ಕಡಲನ್ನು ನೋಡಿದ್ದು ನನಗೂ ಅದೇ ಮೊದಲು. ಅದು ಇಷ್ಟು ದೊಡ್ಡದೆಂದು ನನಗೆ ಯಾರೂ ಹೇಳಿರಲಿಲ್ಲ. ಮಾಟುಂಗದ ಮಾರ್ಕೆಟ್ಟಿನ ಕೂಗಿನಿಂದ ಇಷ್ಟು ಹತ್ತಿರದಲ್ಲಿ ಇಂಥದೊಂದು ಸುಮ್ಮನೆ ಮಲಗಿ ಉಸಿರಾಡುತ್ತಿರುವಾಗ ನಾನು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆನಲ್ಲ ಎನಿಸಿತು.

ಭಾವನವರ ವಿಚಿತ್ರ ನಿಲ್ಲುವುದು ಇಲ್ಲಿಗಲ್ಲ. ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದೆಂಬ ಶಾಸ್ತ್ರವನ್ನು ಅವರು ಬಿಡುವವರಲ್ಲ. ಕಡಲನ್ನು ಕಣ್ತುಂಬ ನೋಡಬೇಕು, ಆದರೆ ಅದರ ಒಂದು ಹನಿ ಕಾಲಿಗೆ ತಾಗಕೂಡದು! ತೆರೆ ಮೇಲೆ ಬಂದಾಗಲೆಲ್ಲ ಪಂಚೆ ಎತ್ತಿ ಬಲಕ್ಕೆ ಹಾರುವರು, ತೆರೆ ಇಳಿದಾಗ ಎಡಕ್ಕೆ ಬರುವರು. ದೂರದಿಂದ ನೋಡಿದವರಿಗೆ ಒಬ್ಬ ಹಿರಿಯರು ಕಡಲಿನ ಸಂಗಡ ಕೋಲಾಟ ಆಡುತ್ತಿದ್ದಾರೆಂದು ತೋರಬೇಕು.

ದೂರದ್ದು ಅವರಿಗೆ ಆಗ ಚೆನ್ನಾಗಿ ಕಾಣುತ್ತಿತ್ತು. ಬಾನಂಚಿನಲ್ಲಿ ಒಂದು ಚುಕ್ಕೆ ಕಂಡರೆ, "ಕೊಡೆಯೇ, ಅದು ಕಲ್ಲಿದ್ದಲಿನ ಹಡಗು, ಹೊಟ್ಟೆ ತುಂಬಿದೆ, ಅದಕ್ಕೇ ಕೂತ ಹಾಗೆ ಹೋಗ್ತಾ ಉಂಟು," ಎನ್ನುವರು. ಆದರೆ ಮಾಹೀಮಿನ ಹತ್ತಿರ ಒಂದು ದೋಣಿಯ ಲಂಗರಿನ ಹಗ್ಗ ಮೊಣಕಾಲೆತ್ತರದಲ್ಲಿ ಅಡ್ಡ ಕಟ್ಟಿದ್ದು ಮಾತ್ರ ಕಾಣಲಿಲ್ಲ. ನನಗೆ ಕಂಡಿತು. 'ಹಗ್ಗ ಉಂಟು' ಎಂಬ ಮಾತು ತುಟಿಯ ತನಕ ಬಂತು. ಹೇಳುವುದು ಯಾರಿಗೆ? ನಮ್ಮವರು ಗಲ್ಲದಲ್ಲಿ. ಕೊಡೆ ಅವರ ಕಂಕುಳಲ್ಲಿ, ನನಗೆ ಬೆನ್ನು ಹಾಕಿದೆ. ಸುತ್ತ ನೋಡಿದೆ. ಒಂದು ನಾಯಿ ಮಲಗಿತ್ತು.

"ಹಗ್ಗ ಉಂಟು," ಎಂದೆ ನಾಯಿಗೆ.

ನಾಯಿ ಎದ್ದು ಪಕ್ಕಕ್ಕೆ ಹೋಯಿತು. ಭಾವನವರು ಬಿದ್ದರು.

ಎದ್ದು ಕೂತು, ಕೋಟಿನ ಮರಳು ಕೊಡವಿ, ಕೊಡೆ ನೆಟ್ಟಗಿದೆಯೇ ನೋಡಿ, ಅದನ್ನೇ ಕೇಳಿದರು: "ಹಗ್ಗ ಇದ್ದದ್ದು ನಾಯಿಗೆ ಗೊತ್ತಾದರೆ ಸಾಕಾ? ಕೊಡೆಗೆ ಗೊತ್ತಾಗುವುದು ಬೇಡವಾ?"

ಅಂದಿನಿಂದ ಕಾನೂನು ತಿದ್ದುಪಡಿಯಾಯಿತು. ಕೊಡೆಯ ಹಿಡಿ ಅವರ ಕೈಯಲ್ಲಿ, ತುದಿ ನನ್ನ ಕೈಯಲ್ಲಿ. ಬಲಕ್ಕೆ ಹೊರಳಬೇಕಾದರೆ ನಾನು ಬಲಕ್ಕೆ ಎಳೆಯುವುದು, ಕಲ್ಲಿದ್ದರೆ ಹಿಂದಕ್ಕೆ ಜಗ್ಗುವುದು, ಹೇಳುವುದನ್ನೆಲ್ಲ ಕೊಡೆಗೆ ಹೇಳುವುದು. ಮುಟ್ಟಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಹತ್ತು ಹೆಜ್ಜೆಯ ಮರ್ಯಾದೆ ಒಂದು ಕೊಡೆಯುದ್ದಕ್ಕೆ ಇಳಿಯಿತು.

ತುದಿ ಹಿಡಿದವಳ ಕೆಲಸ ಎಳೆಯುವುದಷ್ಟೇ ಎಂದುಕೊಂಡಿದ್ದೆ. ಅಲ್ಲ, ಅವರಿಗೆ ಬದಿಯದು ಕಾಣುವುದಿಲ್ಲವಲ್ಲ.

"ಕೊಡೆಗೆ ಬಲಗಡೆ ಎಂತ ಕಾಣ್ತದೆ?" ಎಂದರು ಬಾಂದ್ರಾ ದಾಟಿದ ಮೇಲೆ.

"ತೆಂಗಿನಮರ."

"ತೆಂಗಿನಮರ ಅಂದ್ರೆ ಎಂತ? ಎಲ್ಲ ಕಡೆ ತೆಂಗಿನಮರ ಉಂಟು."

ಇನ್ನೊಮ್ಮೆ ನೋಡಬೇಕಾಯಿತು. "ಒಂದು ಮರ ಊರ ಕಡೆ ಬಾಗಿದೆ. ಅದರ ಕುತ್ತಿಗೆಗೂ ಪಕ್ಕದ ಮರಕ್ಕೂ ಹಗ್ಗ ಕಟ್ಟಿ ಕೆಂಪು ಸೀರೆ ಒಣಹಾಕಿದ್ದಾರೆ. ಸೀರೆಯ ಸೆರಗಿನ ಹತ್ತಿರ ತೇಪೆ ಉಂಟು. ತೇಪೆ ಹಸಿರು."

ಭಾವನವರು, "ಹಾಂ. ಈಗ ಕಾಣ್ತದೆ," ಎಂದರು.

ಒಂದು ತೇಪೆಯಿಂದ ಒಂದು ಮರ ಕಾಣುವುದೆಂದರೇನು! ನಾನು ಅಡುಗೆಯವಳು, ನನಗೆ ಒಗ್ಗರಣೆಯ ಲೆಕ್ಕ ಮಾತ್ರ ಗೊತ್ತಿತ್ತು. ಇದೂ ಹಾಗೆಯೇ ಏನೋ ಎನಿಸಿತು. ಆಮೇಲೆ ನಾನು ಕಂಡದ್ದನ್ನೆಲ್ಲ ಎರಡು ಸಲ ನೋಡಲು ಕಲಿತೆ.

ಆದರೆ ಎಲ್ಲವನ್ನೂ ಭಾವನಿಗೆ ಹೇಳಲಿಕ್ಕಾಗುತ್ತದೆಯೇ? ಖಾರದಾಂಡೆಯ ಹತ್ತಿರ ಬೆಳಗಿನ ಹೊತ್ತು ಗಂಡಸರು ಚೊಂಬು ಮುಂದಿಟ್ಟುಕೊಂಡು ನೀರಂಚಿನಲ್ಲಿ ಸಾಲಾಗಿ ಕೂತಿದ್ದರು, ಕಡಲಿಗೆ ಮುಖ ಮಾಡಿ. ಭಾವನವರಿಗೆ ಮಸುಕಾಗಿ ಏನೋ ಕಂಡಿತು.

"ಅಷ್ಟು ಜನ ಕೂತದ್ದು ಎಂತಕ್ಕೆ?"

ನಾನು ಗಂಟಲು ಸರಿಮಾಡಿಕೊಂಡು, "ಧ್ಯಾನ ಮಾಡ್ತಿದ್ದಾರೆ," ಎಂದೆ.

"ಎಷ್ಟು ಭಕ್ತಿ!" ಎಂದು ಭಾವನವರು ಆ ಕಡೆಗೆ ಕೈಮುಗಿದರು. ಅಷ್ಟರಲ್ಲಿ ಗಾಳಿ ತಿರುಗಿತು. ಮುಗಿದ ಕೈ ಹಾಗೆಯೇ ಮೂಗಿಗೆ ಹೋಯಿತು. "ಕೊಡೆಯೇ, ಇವರದು ಬಹಳ ಉಗ್ರವಾದ ಧ್ಯಾನ."

ಜುಹೂವಿನಲ್ಲಿ ಅಷ್ಟಗಲದ ಮರಳು, ಅದರ ಮೇಲೆ ನೀರು ಬಂದು ಹೋದ ಮೇಲೆ ಉಳಿದ ತೆಳ್ಳನೆಯ ಪದರ, ಆ ಪದರದಲ್ಲಿ ಇಡೀ ಆಕಾಶ. ಭಾವನವರು ನಿಂತು, ಅದನ್ನು ತುಳಿಯುವುದು ಹೇಗೆಂದು ತಿಳಿಯದೆ, ಸುತ್ತು ಹಾಕಿಕೊಂಡು ಹೋದರು. ಶಾಸ್ತ್ರಕ್ಕೋಸ್ಕರವೋ ಆಕಾಶಕ್ಕೋಸ್ಕರವೋ, ಕೊಡೆಯನ್ನು ಕೇಳಲು ನನಗೂ ಧೈರ್ಯವಾಗಲಿಲ್ಲ.

ಕಡಲು ಎಡಗೈಯಲ್ಲಿದ್ದರೆ ದಾರಿ ತಪ್ಪುವುದಿಲ್ಲ ಎಂದರಲ್ಲ? ವರ್ಸೋವಾದ ತುದಿಯಲ್ಲಿ ಕಡಲೇ ದಾರಿ ತಪ್ಪಿತು. ಅಲ್ಲಿ ಅದು ಒಂದು ಖಾಡಿಯಾಗಿ ಊರೊಳಗೆ ನುಗ್ಗುತ್ತದೆ. ಆಚೆ ದಡಕ್ಕೆ ದೋಣಿ ಹಿಡಿಯಬೇಕು. ಭಾವನವರು ನೀರನ್ನು ಎಡಗೈಯಲ್ಲೇ ಇಟ್ಟುಕೊಂಡು ಖಾಡಿಯ ದಡ ಹಿಡಿದರು. ಮರಳು ಹೋಗಿ ಕೆಸರು ಬಂತು, ಕೆಸರಿನಲ್ಲಿ ಕಾಂಡ್ಲಾ ಗಿಡ, ಗಿಡದ ಬೇರಿನಲ್ಲಿ ಏಡಿ. ಕಡಲು ಹೊಳೆಯಾಯಿತು, ಹೊಳೆ ತೋಡಾಯಿತು, ತೋಡು ಚರಂಡಿಯಾಯಿತು.

"ಕೊಡೆಗೆ ಎಡಗಡೆ ಕಡಲು ಕಾಣ್ತದಾ?"

"ಕಾಣ್ತದೆ. ಒಂದು ಎಮ್ಮೆ ಅದಕ್ಕೆ ಅಡ್ಡ ಮಲಗಿದೆ."

ಕೊನೆಗೆ ತಗಡಿನ ಡಬ್ಬಿ ಮಾಡುವ ಒಂದು ಕಾರ್ಖಾನೆಯ ಹಿತ್ತಿಲಿಗೆ ಬಂದು ಮುಟ್ಟಿದೆವು. ಅದು ಜೋಗೇಶ್ವರಿ. ಕೆಲಸದವನೊಬ್ಬ ಕೆಸರು ಮೆತ್ತಿದ ನಮ್ಮನ್ನು, ನಮ್ಮ ನಡುವಿನ ಕೊಡೆಯನ್ನು ನೋಡಿ, "ಕಿಧರ್ ಜಾನಾ ಹೈ?" ಎಂದು ಕೇಳಿದ.

"ವಸಾಯಿ," ಎಂದರು ಭಾವನವರು, ಗಂಭೀರವಾಗಿ.

"ತೋ ಸ್ಟೇಷನ್ ಉಧರ್ ಹೈ, ಬಾಬಾ. ವಿರಾರ್ ಕಾ ಗಾಡಿ ಪಕಡೋ."

ಭಾವನವರ ಮುಖ ಕೆಂಪಾಯಿತು. ರೈಲಿನಲ್ಲಿ ವಸಾಯಿಗೆ! ಅಂಥ ಮೋಸದ ಮಾತನ್ನು ಅವರು ಮುಂಬಯಿಯಲ್ಲಿ ಕೇಳಿರಲಿಲ್ಲ. ನಾವು ಸ್ಟೇಷನ್ನಿಗೇ ಹೋದೆವು, ಆದರೆ ವಸಾಯಿಗೆ ಬೆನ್ನು ಹಾಕಿ, ಮನೆಗೆ.

ಮುಂದಿನ ವಾರ ಮತ್ತೆ ವರ್ಸೋವಾ. ಆಚೆ ಮಡ್ ಎಂಬ ಊರಿಗೆ ಹೋಗುವ ದೋಣಿ ದಡಕ್ಕೆ ತಾಗುವುದಿಲ್ಲ. ಮೊಣಕಾಲು ನೀರಿನಲ್ಲಿ ನಡೆದು ಹತ್ತಬೇಕು. ಅಂದು ಅಮಾವಾಸ್ಯೆಯಲ್ಲ, ಹುಣ್ಣಿಮೆಯಲ್ಲ, ಗ್ರಹಣವಂತೂ ಅಲ್ಲವೇ ಅಲ್ಲ. ಭಾವನವರು ನೀರಂಚಿನಲ್ಲಿ ನಿಂತರು. ದೋಣಿಯವರು ಕೂಗಿದರು. ಭಾವನವರು ನಿಂತೇ ಇದ್ದರು. ತಲೆಯ ಮೇಲೆ ಮೀನಿನ ಖಾಲಿ ಬುಟ್ಟಿ ಹೊತ್ತ ಒಬ್ಬ ಕೋಲಿ ಬೆಸ್ತರ ಹೆಂಗಸು, ಮುಡಿಯಲ್ಲಿ ಹೂ, ತೋಳು ಒನಕೆಯಂಥದ್ದು, ಸ್ವಲ್ಪ ಹೊತ್ತು ಇವರನ್ನು ನೋಡಿದಳು.

"ಕಾಯ್ ಕಾಕಾ, ಪಾಣ್ಯಾಲಾ ಭಿತಾ?" ನೀರಿಗೆ ಹೆದರುತ್ತೀರಾ ಎಂದು.

"ಭಯ ಅಲ್ಲ, ಧರ್ಮ," ಎಂದು ಭಾವನವರು ಕನ್ನಡದಲ್ಲಿ ಕೊಡೆಗೆ ತಿಳಿಸಿದರು. ಆಕೆಗೆ ಇದು ಯಾವ ಕಾಯಿಲೆಯ ಹೆಸರೆಂದು ತೋರಿತೋ ಏನೋ, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಭಾವನವರನ್ನು ಮಗುವಿನಂತೆ ಎತ್ತಿಕೊಂಡು ನೀರಿಗಿಳಿದೇ ಬಿಟ್ಟಳು. ಕೊಡೆಯ ಹಿಡಿಯನ್ನು ಅವರು ಬಿಡಲಿಲ್ಲ. ತುದಿಯನ್ನು ಬಿಡಬೇಕೆಂದು ನನಗೂ ಹೊಳೆಯಲಿಲ್ಲ. ಮುಂದೆ ಗಾಳಿಯಲ್ಲಿ ಭಾವನವರು, ಹಿಂದೆ ನೀರಿನಲ್ಲಿ ನಾನು, ತಲೆಯ ಮೇಲೆ ಮೀನಿನ ಬುಟ್ಟಿ.

ದೋಣಿ ನಡುನೀರಿಗೆ ಬಂದ ಮೇಲೆ ಭಾವನವರ ಬಾಯಿ ತೆರೆಯಿತು. "ಕೊಡೆಯೇ, ಊರಿನವರಿಗೆ ಈ ಪ್ರಯಾಣ ವರ್ಣಿಸುವಾಗ ಇದೊಂದು ಭಾಗ ಬಿಡಬಹುದು."

ಊಟದ ವಿಷಯದಲ್ಲೂ ಅವರು ಕೊಡೆಯಂತೆಯೇ ಸುಲಭಕ್ಕೆ ಬಾಗುವವರಲ್ಲ. ಹೊರಗೆ ತಿನ್ನುವುದಿಲ್ಲ. ಅವಲಕ್ಕಿ ಎರಡು ವಾರಕ್ಕೆ ಬೇಜಾರಾಯಿತು. ಇಡ್ಲಿ ಕಟ್ಟಿಕೊಂಡು ಹೋಗೋಣವೆಂದರೆ, ತಣ್ಣಗಾದ ಇಡ್ಲಿ ಕಲ್ಲಿನ ಬದಲು ಎಸೆಯಲು ಮಾತ್ರ ಲಾಯಕ್ಕು ಎನ್ನುವರು. ಹಾಗಾಗಿ ಮಾರ್ವೆಯ ಕಡೆ ಹೋದ ಆದಿತ್ಯವಾರ ನಾನು ಪ್ರೈಮಸ್ ಸ್ಟೋವು, ಹಿತ್ತಾಳೆಯ ಇಡ್ಲಿ ಪಾತ್ರೆ, ಮುಚ್ಚಳವಿದ್ದ ತೂಗುಪಾತ್ರೆಯಲ್ಲಿ ಹಿಟ್ಟು, ಎಲ್ಲ ಹೊತ್ತುಕೊಂಡು ಹೊರಟೆ. ಬಿಸಿಲು, ಲೋಕಲಿನ ನೂಕುನುಗ್ಗಲು, ದೋಣಿಯ ಓಲಾಟ, ಹಿಟ್ಟು ಸುಮ್ಮನಿರುತ್ತದೆಯೇ? ಉಕ್ಕಿತು. ಮುಚ್ಚಳ ಎತ್ತಿಕೊಂಡಿತು. ಹುಳಿ ವಾಸನೆ ನಮ್ಮ ಮುಂದೆ ಮುಂದೆ ನಡೆಯಿತು.

ಆಗ ಮುಂಬಯಿಯಲ್ಲಿ ಪಾನನಿರೋಧ. ಆ ತೆಂಗು ತಾಳೆಗಳ ಊರುಗಳಲ್ಲಿ ಮರೆಯಲ್ಲಿ ಸಾರಾಯಿ ಕಾಯಿಸುತ್ತಾರೆಂದು ದಾರಿಯಲ್ಲಿ ಗಂಟು ಬಿಚ್ಚಿಸುತ್ತಿದ್ದರು. ನಮ್ಮನ್ನು ತಡೆದ ಹವಾಲ್ದಾರನಿಗೆ ಒಂದೇ ಗಂಟಿನಲ್ಲಿ ಸ್ಟೋವು, ಮುಚ್ಚಳದ ಹಿತ್ತಾಳೆ ಪಾತ್ರೆ, ಗುಳ್ಳೆ ಬಿಡುವ ಹುಳಿ ಹಿಟ್ಟು, ಇಷ್ಟೂ ಸಿಕ್ಕಿತು. ಜೊತೆಗೆ ಎಲ್ಲಿ ನೋಡುತ್ತಿದ್ದಾರೆಂದು ತಿಳಿಯದ ಕಣ್ಣಿನ ಒಬ್ಬ ಮುದುಕ, ಕೊಡೆಯೊಡನೆ ಮಾತಾಡುತ್ತಿದ್ದಾನೆ. ಅವನ ಜಾಗದಲ್ಲಿ ನಾನಿದ್ದರೂ ಹಿಡಿಯುತ್ತಿದ್ದೆ.

"ಹಾ ಕಾಯ್ ಮಾಲ್ ಆಹೆ?" ಇದೇನು ಮಾಲು ಎಂದ ಹವಾಲ್ದಾರ, ಬೆರಳದ್ದಿ ಮೂಸಿ.

"ಇಡ್ಲಿ," ಎಂದೆ.

"ಇಡ್ಲಿ ಪಾಂಢರೀ ಅಸತೇ, ಗೋಲ್ ಅಸತೇ. ಮಲಾ ಮಾಹೀತ್ ಆಹೆ." ಇಡ್ಲಿ ಬೆಳ್ಳಗೆ, ಗುಂಡಗೆ ಇರುತ್ತದೆ, ತನಗೆ ಗೊತ್ತು ಎಂದು.

ಇನ್ನು ವಾದ ಮಾಡಿ ಫಲವಿಲ್ಲ. ಅಲ್ಲೇ ಸುರಗಿ ಮರದ ಬುಡದಲ್ಲಿ ಸ್ಟೋವು ಹಚ್ಚಿ ಇಡ್ಲಿ ಬೇಯಿಸಿದೆ. ಸರಕಾರಿ ಕಾವಲಿನಲ್ಲಿ ಇಡ್ಲಿ ಬೇಯಿಸಿದ ಹೆಂಗಸು ನಮ್ಮ ಕಡೆಯಲ್ಲಿ ಇನ್ನೊಬ್ಬಳಿರಲಾರಳು. ಮುಚ್ಚಳ ತೆಗೆದಾಗ ಹವಾಲ್ದಾರ ಬಗ್ಗಿ ನೋಡಿದ: ಬೆಳ್ಳಗೆ, ಗುಂಡಗೆ. ಒಂದು ತಿಂದು ಪರೀಕ್ಷಿಸಿದ. ಅನುಮಾನ ಪೂರ್ತಿ ಹೋಗಲಿಲ್ಲವೆಂದು ಇನ್ನೊಂದು ತಿಂದ. ಆಮೇಲೆ ಚಟ್ನಿ ಕೇಳಿದ.

"ಕೊಡೆಯೇ, ತನಿಖೆ ಮುಗಿಯುವ ಮೊದಲು ನಮಗೂ ಎರಡು ಸಿಕ್ಕಿದರೆ ಒಳ್ಳೇದಿತ್ತು," ಎಂದರು ಭಾವನವರು.

ಹೀಗೆ ನಗುತ್ತ ನಗುತ್ತ ಹೋದೆವು ಎನ್ನಬೇಕು. ಆದರೆ ಮನೋರಿ ದಾಟಿ ಗೊರಾಯಿಯ ಮರಳಿಗೆ ಬರುವ ಹೊತ್ತಿಗೆ ಭಾವನವರು ಹಡಗುಗಳ ಹೆಸರು ಹೇಳುವುದನ್ನು ನಿಲ್ಲಿಸಿದ್ದರು. ತೆರೆ ಬಂದಾಗ ಹಾರುತ್ತಿದ್ದರು, ಆದರೆ ತಡವಾಗಿ, ಸದ್ದು ಕೇಳಿ. ಕೊಳವೆಯ ಕೊನೆಯೂ ಮುಚ್ಚುತ್ತಿತ್ತು. "ಕೊಡೆಗೆ ಎಂತ ಕಾಣ್ತದೆ?" ಎಂಬ ಪ್ರಶ್ನೆ ಮೊದಲು ಬದಿಗಳಿಗೆ ಮಾತ್ರ ಇತ್ತು, ಈಗ ಮುಂದಕ್ಕೂ ಬಂತು.

ನನಗೆ ಭಯವಾಗತೊಡಗಿತು. ವಸಾಯಿ ಸಿಗುವ ಮೊದಲು ಬೆಳಕು ಹೋದರೆ? ಅವರ ಮುಖ ಇಳಿದಾಗ ನಾನು ಕಡಲಿಗೆ ಒಂದಿಷ್ಟು ಬೆಲ್ಲ ಬೆರೆಸುತ್ತಿದ್ದೆ. ಒಂದು ಹಾಯಿ ಇದ್ದರೆ ಮೂರು ಎನ್ನುವುದು, ಸಪ್ಪೆ ಮೋಡಕ್ಕೆ ಸ್ವಲ್ಪ ಕುಂಕುಮ ಬಳಿಯುವುದು. ಹುಷಾರಿಲ್ಲದವರ ಗಂಜಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುವುದಿಲ್ಲವೇ? ಅವರು "ಹಾಂ" ಎನ್ನುತ್ತಿದ್ದರು. ಮೊದಲಿನಂತೆ "ಈಗ ಕಾಣ್ತದೆ" ಎನ್ನುತ್ತಿರಲಿಲ್ಲ. ಅದನ್ನು ನಾನು ಕಣ್ಣಿನ ದೋಷವೆಂದುಕೊಂಡೆ.

ಉತ್ತನ್‌ನಿಂದ ಒಂದು ಮೀನುದೋಣಿ ನಮ್ಮನ್ನು ದೊಡ್ಡ ಹೊಳೆಯ ಬಾಯಿ ದಾಟಿಸಿ ವಸಾಯಿ ಕೋಟೆಯ ಕೆಳಗೆ ಇಳಿಸಿತು.

ಅದನ್ನು ಹೇಗೆ ಹೇಳಲಿ? ಕಡಲಿಗೆ ಎದುರಾಗಿ ಕರಿಯ ಗೋಡೆ, ಗೋಡೆಯಲ್ಲಿ ಆನೆ ಹೋಗುವಷ್ಟು ಬಾಗಿಲು, ಬಾಗಿಲ ಕಮಾನನ್ನು ಅಶ್ವತ್ಥದ ಬೇರು ಮುಷ್ಟಿಯಲ್ಲಿ ಹಿಡಿದುಕೊಂಡಿದೆ. ಬೇರು ಬಿಟ್ಟರೆ ಗೋಡೆ ಬೀಳುತ್ತದೆ, ಗೋಡೆ ಬಿದ್ದರೆ ಬೇರಿಗೆ ಗತಿಯಿಲ್ಲ. ಒಳಗೆ ಬೀದಿಗಳಿವೆ, ಮನೆಗಳಿಲ್ಲ. ಮೆಟ್ಟಿಲುಗಳಿವೆ, ಮಹಡಿಯಿಲ್ಲ. ಇಗರ್ಜಿಗೆ ಮಾಡಿನ ಬದಲು ನೀಲಿ ಆಕಾಶ. ಪಾದ್ರಿಗಳು ನಿಲ್ಲುತ್ತಿದ್ದ ಜಾಗದಲ್ಲಿ ತಾಳೆಮರವೊಂದು ನೆಟ್ಟಗೆ ನಿಂತು ತಲೆಯಾಡಿಸುತ್ತಿತ್ತು. ಭಾವನವರು ಕೊಡೆಯನ್ನು ಜಗ್ಗಿ ಜಗ್ಗಿ ಕೇಳುತ್ತಿದ್ದರು. ನಾನು ಅವರ ಅಂಗೈ ಹೋಗಿ ಕಲ್ಲಿಗೆ ತಾಗುವ ಹಾಗೆ ಕೊಡೆಯನ್ನು ನಡೆಸಿದೆ. ಅವರು ಗೋಡೆಯ ಮೇಲೆ ಕೈಯಾಡಿಸಿ, ಕಲ್ಲಿನ ನಡುವೆ ಸಿಕ್ಕಿದ್ದ ಒಂದು ಚಿಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಂತೆಯಲ್ಲ. ಉಂಟು," ಎಂದರು.

ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಕ್ರಿಸ್ತುವರ ಅಜ್ಜಿ, ಕೆಂಪು ಚೌಕುಳಿ ಸೀರೆಯವಳು, ನಮ್ಮಿಬ್ಬರನ್ನೂ ನಡುವಿನ ಕೊಡೆಯನ್ನೂ ನೋಡಿ, ಈಕೆ ನಿಮಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದಳು. ಭಾವನವರು ತಡವರಿಸಿ, ಬೆವರಿ, "ಛತ್ರೀಚಿ ಮೈತ್ರೀಣ," ಎಂದುಬಿಟ್ಟರು. ಕೊಡೆಯ ಗೆಳತಿ! ಅಜ್ಜಿ ನಕ್ಕು ಒಂದು ಹಣ್ಣು ಹೆಚ್ಚೇ ಕೊಟ್ಟಳು. ಸಿಪ್ಪೆಯಿದ್ದದ್ದರಿಂದ ಭಾವನವರು ತಿಂದರು.

ಆಮೇಲೆ ಹಳೇ ಬಂದರಿಗೆ ಮುಖ ಮಾಡಿದ ಒಂದು ಮುರಿದ ಕಟ್ಟೆಯ ಮೇಲೆ ಅವರು ಕೂತರು. ನಾನು ನಿಂತಿದ್ದೆ.

"ಕೊಡೆಗೆ ಅಲ್ಲಿ, ಎಡಗಡೆ ದೂರದಲ್ಲಿ, ಹಡಗು ಕಾಣ್ತದಾ? ಮೂರು ಕಂಬದ್ದು."

ನೋಡಿದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಉದ್ದಕ್ಕೂ ಕೆಸರು. ಅದರಾಚೆ ಬರಿಯ ಕಡಲು. ಆದರೆ ಅವರ ಮುಖದಲ್ಲಿ ಎಷ್ಟೋ ವಾರಗಳಿಂದ ಕಾಣದ ಒಂದು ಕಳೆ ಇತ್ತು. ಈ ಬಂದರಿಗೆ ಬಂದು ಅವರಿಗೆ ಒಂದು ಹಡಗು ಕಂಡರೆ ನಾನು ಇಲ್ಲ ಎನ್ನಲೇ?

"ಕಾಣ್ತದೆ."

"ಹಾಯಿ ಬಿಚ್ಚಿದ್ದಾರಾ?"

"ಬಿಚ್ಚಿದ್ದಾರೆ. ಬಿಳಿ ಹಾಯಿ."

"ಯಾವ ಕಡೆಗೆ ಹೋಗ್ತಾ ಉಂಟು?"

"ಹೋಗುವುದಲ್ಲ. ಇತ್ತ ಬರ್ತಾ ಉಂಟು."

ಭಾವನವರು ಕೊಡೆಯನ್ನು ಕೈಯಿಂದ ಬಿಟ್ಟು ಕಟ್ಟೆಗೆ ಒರಗಿಸಿಟ್ಟರು. ನನ್ನ ದನಿ ಇದ್ದ ಕಡೆಗೆ ಮುಖ ತಿರುಗಿಸಿದರು. ಇಷ್ಟು ವರ್ಷದಲ್ಲಿ ಆ ಮುಖವನ್ನು ನಾನು ಎದುರಿನಿಂದ ನೋಡಿದ್ದಿಲ್ಲ. ನಮ್ಮವರದೇ ಗಲ್ಲ, ನಮ್ಮವರದೇ ಹುಬ್ಬು.

"ಅಲ್ಲಿ ಹಡಗಿಲ್ಲ ಮಾರಾಯ್ತಿ. ನನಗೆ ಈಗ ನನ್ನ ಕೈಯೇ ಸರಿ ಕಾಣುವುದಿಲ್ಲ, ಹಡಗು ಎಲ್ಲಿಂದ ಕಾಣಬೇಕು? ನೀನು ಎಂತ ಹೇಳ್ತೀ ಅಂತ ನೋಡಿದ್ದು."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವರ ದನಿಯಲ್ಲಿ ಮಾತ್ರ ಸಿಟ್ಟಿರಲಿಲ್ಲ.

"ನೀನು ಒಳ್ಳೇದಕ್ಕೇ ಹೇಳಿದ್ದು, ನನಗೆ ಗೊತ್ತುಂಟು. ಆದರೆ ಇನ್ನು ಮೇಲೆ ನನಗೆ ಕಾಣುವುದು ನೀನು ಹೇಳಿದಷ್ಟೇ. ಇಲ್ಲದ ಹಡಗನ್ನು ತೋರಿಸಿದರೆ, ನಾಳೆ ನೀನು ಇದೆ ಅಂದದ್ದನ್ನು ನಾನು ನಂಬುವುದು ಹೇಗೆ? ಚಂದ ಮಾಡ್ಬೇಡ. ಇದ್ದ ಹಾಗೆ ಹೇಳು. ಕೆಸರಾದರೆ ಕೆಸರು."

ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನೋಡಬೇಕಾದರೆ ಮೊದಲು ಅದನ್ನು ಮಾಡಬೇಕಿತ್ತು. ಆಮೇಲೆ ನೋಡಿದೆ.

"ಕೆಸರೇ ಭಾವ. ಒರೆಸಿಟ್ಟ ಕಡಪದ ಕಲ್ಲಿನ ಹಾಗೆ ಹೊಳೀತಾ ಉಂಟು. ಅದರ ಮೇಲೆ ಒಂದು ದೋಣಿ ಓರೆಯಾಗಿ ಕೂತಿದೆ. ದೋಣಿಯೊಳಗೆ ಯಾರೋ ಮಲಗಿದ್ದಾರೆ, ಮುಖ ಕಾಣುವುದಿಲ್ಲ, ಒಂದು ಕಾಲು ಮಾತ್ರ ಹೊರಗೆ ನೇತಾಡ್ತಾ ಉಂಟು."

"ಹಾಂ."

"ಈಚೆ ಬಿದಿರಿನ ಗಳಕ್ಕೆ ಮೀನು ಒಣಹಾಕಿದ್ದಾರೆ. ಕಾಗೆ ಒಂದನ್ನು ಕಚ್ಚಿಕೊಂಡು ಹೋಯ್ತು. ಒಬ್ಬಳು ಹೆಂಗಸು ಕಲ್ಲು ಬಿಸಾಡಿದಳು."

"ತಾಗಿತಾ?"

"ಇಲ್ಲ. ತಪ್ಪಿತು."

ಭಾವನವರು ಕಣ್ಣು ಮುಚ್ಚಿಕೊಂಡು ನಕ್ಕರು. "ಈಗ ಕಾಣ್ತದೆ. ಮುಂದೆ ಹೇಳು."

ದೂರದಲ್ಲಿ ಕೆಸರಿನ ಅಂಚಿನಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ ಮೂಡಿತ್ತು. ಅದು ನೀರೇ ಹೌದೋ ಅಲ್ಲವೋ ಎಂದು ನಾನು ಎರಡು ಸಲ ನೋಡಿ ಗಟ್ಟಿ ಮಾಡಿಕೊಂಡು, ಭರತ ತಿರುಗಿತು, ನೀರು ಮತ್ತೆ ಇತ್ತ ಬರ್ತಾ ಉಂಟು ಎಂದು ಹೇಳಿದೆ.